ವಾಸ್ತುಶಿಲ್ಪದ ಸಂಶೋಧನಾ ಪ್ರಬಂಧ: ಓದಿದ್ದನ್ನೂ ಕಂಡದ್ದನ್ನೂ ಕೂಡಿಸಿ ಕರಡು ಸಿದ್ಧಪಡಿಸುವ ಬಗೆ

ವಾಸ್ತುಶಿಲ್ಪದ ಬಗ್ಗೆ ಸಂಶೋಧನಾ ಪ್ರಬಂಧ ಬರೆಯಲು ಕುಳಿತವರ ಮುಂದೆ ಸಾಮಾನ್ಯವಾಗಿ ಎರಡು ಕಡತಗಳಿರುತ್ತವೆ. ಒಂದರಲ್ಲಿ ಗ್ರಂಥಾಲಯದಲ್ಲಿ ಮಾಡಿಕೊಂಡ ಟಿಪ್ಪಣಿಗಳು, ಇನ್ನೊಂದರಲ್ಲಿ ಕಟ್ಟಡದ ಬಳಿಗೆ ಹೋಗಿ ತಂದ ಫೋಟೋ, ಅಳತೆ, ರೇಖಾಚಿತ್ರಗಳು. ಮೊದಲ ಕಡತದಿಂದ ‘ಇತಿಹಾಸ’ ಎಂಬ ಅಧ್ಯಾಯವನ್ನೂ ಎರಡನೆಯದರಿಂದ ‘ಕ್ಷೇತ್ರಕಾರ್ಯ’ ಎಂಬ ಅಧ್ಯಾಯವನ್ನೂ ಬರೆದು, ನಡುವೆ ಯಾವ ಸಂಬಂಧವೂ ಇಲ್ಲದಂತೆ ಅವನ್ನು ಒಂದೇ ರಟ್ಟಿನೊಳಗೆ ಕೂಡಿಸುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಹೀಗೆ ಮಾಡಿದರೆ ಪುಟಗಳೇನೋ ತುಂಬುತ್ತವೆ, ಆದರೆ ಪ್ರಬಂಧ ಹುಟ್ಟುವುದಿಲ್ಲ. ಕಣ್ಣಿಗೆ ಕಂಡ ಸಂಗತಿಯು ವಿದ್ವಾಂಸರ ಯಾವುದಾದರೂ ನಿರ್ದಿಷ್ಟ ಹೇಳಿಕೆಯ ಎದುರಿಗೆ ಬಂದು ನಿಂತು, ಅದನ್ನು ಒಪ್ಪಿಕೊಂಡಾಗ, ತಿದ್ದಿದಾಗ ಅಥವಾ ಪ್ರಶ್ನಿಸಿದಾಗ ಮಾತ್ರ ಅದು ಸಾಕ್ಷ್ಯವೆನಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಪ್ರವಾಸದ ನೆನಪಷ್ಟೇ. ಈ ಕೆಲಸವನ್ನು ಹೇಗೆ ಮಾಡಬಹುದೆಂಬುದನ್ನು ಸೋಮನಾಥಪುರದ ಕೇಶವ ದೇವಾಲಯವನ್ನೇ ಉದಾಹರಣೆಯಾಗಿ ಹಿಡಿದು ಇಲ್ಲಿ ವಿವರಿಸಲಾಗಿದೆ. ಮೈಸೂರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ, ಹೆಚ್ಚು ಹಾಳಾಗದೆ ಉಳಿದಿರುವ, ಸಾಕಷ್ಟು ಬರಹಗಳೂ ಲಭ್ಯವಿರುವ ಕಟ್ಟಡವಾದ್ದರಿಂದ ಮೊದಲ ಪ್ರಬಂಧಕ್ಕೆ ಇದು ಅನುಕೂಲಕರ.

ವಿಷಯವಲ್ಲ, ಪ್ರಶ್ನೆ

‘ಹೊಯ್ಸಳ ವಾಸ್ತುಶಿಲ್ಪ’ ಎಂಬುದು ಒಂದು ವಿಷಯ. ‘ಸೋಮನಾಥಪುರದ ಕೇಶವ ದೇವಾಲಯ: ಒಂದು ಅಧ್ಯಯನ’ ಎಂಬುದೂ ವಿಷಯವೇ. ಇವುಗಳಿಂದ ಪ್ರಬಂಧವನ್ನು ಆರಂಭಿಸಿದವರು ಹೊಯ್ಸಳ ವಂಶಾವಳಿಯಿಂದ ಶುರುಮಾಡಿ, ಸಳ ಹುಲಿಯನ್ನು ಕೊಂದ ಕಥೆ ಹೇಳಿ, ವಿಷ್ಣುವರ್ಧನನನ್ನು ದಾಟಿ ಮೂರನೆಯ ನರಸಿಂಹನ ಕಾಲಕ್ಕೆ ಬರುವಷ್ಟರಲ್ಲಿ ಓದುಗನ ತಾಳ್ಮೆಯೂ ಪುಟಮಿತಿಯೂ ಮುಗಿದಿರುತ್ತದೆ. ಬೇಕಾಗಿರುವುದು ಸ್ಥಳಕ್ಕೆ ಹೋಗಿ ನೋಡಿದರೆ ಉತ್ತರ ಸ್ವಲ್ಪವಾದರೂ ಬದಲಾಗಬಹುದಾದ ಒಂದು ಪ್ರಶ್ನೆ.

ಅಂಥ ಪ್ರಶ್ನೆ ಹುಟ್ಟುವುದು ಓದಿನಲ್ಲೇ. ಹೊಯ್ಸಳ ದೇವಾಲಯಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಒಂದು ಮಾತನ್ನು ಹೇಳುತ್ತಾರೆ: ಈ ಗುಡಿಗಳಲ್ಲಿ ಗರ್ಭಗುಡಿಯ ಸುತ್ತ ಒಳಗಿನ ಪ್ರದಕ್ಷಿಣಾ ಪಥ ಸಾಮಾನ್ಯವಾಗಿ ಇರುವುದಿಲ್ಲ, ಗುಡಿ ನಿಂತಿರುವ ಎತ್ತರದ ಕಟ್ಟೆ, ಅಂದರೆ ಜಗತಿಯೇ ಹೊರಗಿನ ಪ್ರದಕ್ಷಿಣೆಗೆ ದಾರಿಯಾಗುತ್ತದೆ. ಈ ಹೇಳಿಕೆಯನ್ನು ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕ ಎತ್ತಿಕೊಳ್ಳುತ್ತ ಬಂದಿದೆ. ಸೋಮನಾಥಪುರದಲ್ಲಿ ಜಗತಿ ಸುಮಾರು ಮೂರು ಅಡಿ ಎತ್ತರವಿದ್ದು, ಗುಡಿಯ ನಕ್ಷತ್ರಾಕಾರದ ಅಂಚನ್ನೇ ಅನುಸರಿಸಿ ಒಳಗೆ ಹೊರಗೆ ಮಡಿಚಿಕೊಳ್ಳುತ್ತ ಸಾಗುತ್ತದೆ. ಹಾಗಿದ್ದರೆ ಅದರ ಮೇಲೆ ನಡೆಯುವವನಿಗೆ ಗೋಡೆಯ ಮೇಲಿನ ಕಥನ ಶಿಲ್ಪಗಳು ಓದಲು ಸಿಗುತ್ತವೆಯೇ? ಶಿಲ್ಪಿಗಳು ನಡೆಯುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಕಥೆಯ ದಿಕ್ಕನ್ನು ಗೊತ್ತುಮಾಡಿದರೇ? ಇದು ಪ್ರಶ್ನೆ. ಇದಕ್ಕೆ ಪುಸ್ತಕ ಒಂದರಿಂದಲೇ ಉತ್ತರ ಸಿಗುವುದಿಲ್ಲ, ಪುಸ್ತಕವಿಲ್ಲದೆಯೂ ಸಿಗುವುದಿಲ್ಲ.

ಆಕರಗಳನ್ನು ಹುಡುಕುವಾಗ

ಆಕರಗಳಲ್ಲಿ ಮೇಲು ಕೀಳೆಂಬುದಿಲ್ಲ, ಹತ್ತಿರ ದೂರವೆಂಬುದಿದೆ. ಕಟ್ಟಡಕ್ಕೆ ಅತಿ ಹತ್ತಿರದ್ದು ಅದರದೇ ಶಾಸನ. ಸೋಮನಾಥಪುರದಲ್ಲಿ ಮಹಾದ್ವಾರದ ಬಳಿಯೇ ಶಾಸನದ ಕಲ್ಲು ನಿಂತಿದೆ. ಅದರ ಪಾಠ ಬಿ. ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು ಸಂಖ್ಯೆಯೊಂದಿಗೆ ಸಿಗುತ್ತದೆ. ಹಳೆಯ ಆವೃತ್ತಿಯ ಸಂಪುಟ ಹಾಗೂ ಶಾಸನ ಸಂಖ್ಯೆಗಳಿಗೂ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಆವೃತ್ತಿಯವುಗಳಿಗೂ ಹೊಂದಿಕೆಯಿಲ್ಲವಾದ್ದರಿಂದ, ಯಾವ ಆವೃತ್ತಿಯನ್ನು ನೋಡಿದಿರೆಂಬುದನ್ನು ಟಿಪ್ಪಣಿಯಲ್ಲೇ ಬರೆದಿಡದಿದ್ದರೆ ಆಮೇಲೆ ಯಾರಿಗೂ, ನಿಮಗೂ, ಆ ಶಾಸನ ಮತ್ತೆ ಸಿಗುವುದಿಲ್ಲ. ಅದರ ನಂತರ ಬರುವುದು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು ಮತ್ತು ಆರ್. ನರಸಿಂಹಾಚಾರ್ ಅವರು 1917ರಲ್ಲಿ ಈ ಗುಡಿಯೊಂದರ ಬಗ್ಗೆಯೇ ಪ್ರಕಟಿಸಿದ ಕಿರುಗ್ರಂಥ. ಎಂ. ಎಚ್. ಕೃಷ್ಣ ಅವರು ಇಲಾಖೆಯ ಮುಖ್ಯಸ್ಥರಾಗಿದ್ದ ಕಾಲದ ವರದಿಗಳಲ್ಲಿ ಗುಡಿಗುಡಿಯ ವಿವರಣೆ ತಲವಿನ್ಯಾಸಗಳ (ನೆಲನಕ್ಷೆಗಳ) ಸಮೇತ ಇರುತ್ತದೆ. ಇವತ್ತಿನ ಎಷ್ಟೋ ಲೇಖನಗಳಿಗಿಂತ ಅವು ಹೆಚ್ಚು ಉಪಯುಕ್ತವೆಂದರೆ ತಪ್ಪಾಗದು.

ಇವುಗಳಿಂದಾಚೆಗೆ ಆಡಂ ಹಾರ್ಡಿ, ಎಂ. ಎ. ಢಾಕಿ, ಗೆರಾರ್ಡ್ ಫೂಕೆಮಾ ಮೊದಲಾದವರ ವಿಶ್ಲೇಷಣೆಗಳಿವೆ. ಹಳೆಯ ಇಲಾಖಾ ವರದಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿಯೂ, ಭಾರತೀಯ ವಿಶ್ವವಿದ್ಯಾನಿಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿಯೂ ಉಚಿತವಾಗಿ ಸಿಗುತ್ತವೆ. ಬೇಲೂರು ಮತ್ತು ಹಳೇಬೀಡುಗಳ ಜೊತೆಗೆ ಸೋಮನಾಥಪುರವೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ, ಆ ಸಂದರ್ಭಕ್ಕೆ ಸಲ್ಲಿಸಿದ ನಾಮನಿರ್ದೇಶನದ ದಾಖಲೆಯನ್ನೂ ನೋಡಬಹುದು. ಕನ್ನಡದ ಆಕರಗಳನ್ನು, ಮುಖ್ಯವಾಗಿ ಕರ್ನಾಟಕ ಇತಿಹಾಸ ಅಕಾದೆಮಿಯ ಇತಿಹಾಸ ದರ್ಶನದ ಸಂಪುಟಗಳನ್ನು, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ನಮ್ಮ ವಾಸ್ತುಶಿಲ್ಪ ವಿದ್ಯಾರ್ಥಿಗಳು ಮುಟ್ಟುವುದೇ ಇಲ್ಲ. ಇದು ನಷ್ಟ, ತಾಲ್ಲೂಕು ಮಟ್ಟದ ಗುಡಿಗಳ ಬಗ್ಗೆ ಬೇರೆಲ್ಲೂ ಸಿಗದ ಮಾಹಿತಿ ಅಲ್ಲಿರುತ್ತದೆ.

ಓದುವಾಗ ಸಾರಾಂಶ ಬರೆದುಕೊಳ್ಳುವುದಕ್ಕಿಂತ ಹೇಳಿಕೆಗಳನ್ನು ಬಿಡಿಬಿಡಿಯಾಗಿ ಎತ್ತಿ ಬರೆದುಕೊಳ್ಳುವುದು ಒಳ್ಳೆಯದು. ಒಂದು ಚೀಟಿಯಲ್ಲಿ ಒಂದೇ ಹೇಳಿಕೆ, ಯಾರದು, ಯಾವ ಪುಟ, ಮತ್ತು ಅದು ಆಧರಿಸಿರುವುದು ಏನನ್ನು ಎಂಬಿಷ್ಟು. ಕೊನೆಯ ಕಲಮು ಬಹಳ ಮುಖ್ಯವಾದದ್ದು. ಒಬ್ಬ ಲೇಖಕ ಶಾಸನವನ್ನು ಓದಿ ಹೇಳಿದ್ದಕ್ಕೂ ಇನ್ನೊಬ್ಬರು ಆ ಲೇಖಕನನ್ನು ಓದಿ ಹೇಳಿದ್ದಕ್ಕೂ ತೂಕ ಬೇರೆ.

ಸೋಮನಾಥಪುರದ ಕಾಲದ ವಿಚಾರವೇ ಇದಕ್ಕೆ ಒಳ್ಳೆಯ ನಿದರ್ಶನ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಈ ಗುಡಿಯನ್ನು ಕಟ್ಟಿಸಿದನೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ವರ್ಷದ ವಿಚಾರಕ್ಕೆ ಬಂದರೆ ಕೆಲವು ಬರಹಗಳಲ್ಲಿ 1258 ಎಂದಿರುತ್ತದೆ, ಇನ್ನು ಕೆಲವುಗಳಲ್ಲಿ 1268. ಇಂಥಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಮಗೆ ಮೊದಲು ಸಿಕ್ಕಿದ ವರ್ಷವನ್ನು ಬರೆದು ಮುಂದೆ ಹೋಗುತ್ತಾರೆ, ಇಲ್ಲವೇ ‘ಹದಿಮೂರನೆಯ ಶತಮಾನ’ ಎಂದು ಜಾರಿಕೊಳ್ಳುತ್ತಾರೆ. ಮಾಡಬೇಕಾದದ್ದು ಬೇರೆ. ಶಾಸನದ ಪಾಠಕ್ಕೆ ಹಿಂದಿರುಗಿ, ಶಕವರ್ಷವನ್ನೂ ಸಂವತ್ಸರದ ಹೆಸರನ್ನೂ ನೋಡಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆ, ಪುಷ್ಯ ಮಾಸದ ನಂತರದ ತಿಥಿಗಳಿಗೆ ಕೆಲವೊಮ್ಮೆ 79. ಗತವರ್ಷ (ಮುಗಿದ ವರ್ಷ), ವರ್ತಮಾನವರ್ಷ (ನಡೆಯುತ್ತಿರುವ ವರ್ಷ) ಎಂಬ ಲೆಕ್ಕದಿಂದ ಇನ್ನೊಂದು ವರ್ಷದ ಅಂತರ ಬರಬಹುದು. ಹತ್ತು ವರ್ಷದ ಅಂತರ ಈ ಯಾವ ಲೆಕ್ಕದಿಂದಲೂ ಬರುವುದಿಲ್ಲ. ಆದ್ದರಿಂದ ಪಾಠಾಂತರವನ್ನೋ, ಅಗ್ರಹಾರದ ಸ್ಥಾಪನೆ, ದೇವರ ಪ್ರತಿಷ್ಠೆ, ದತ್ತಿ ಎಂಬ ಬೇರೆ ಬೇರೆ ಘಟನೆಗಳನ್ನು ಒಂದೇ ಎಂದು ತಿಳಿದ ಗೊಂದಲವನ್ನೋ ಹುಡುಕಬೇಕಾಗುತ್ತದೆ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಹತ್ತು ವರ್ಷ ಹಿಂದುಮುಂದಾದರೆ ಹೆಸರು ಬದಲಾಗಲೇಬೇಕು, ಹಾಗಾಗಿ ಸಂವತ್ಸರದ ಹೆಸರು ಇಲ್ಲಿ ಒಳ್ಳೆಯ ಒರೆಗಲ್ಲು. ನಿಮ್ಮ ಪ್ರಶ್ನೆಗೆ ವರ್ಷ ಮುಖ್ಯವಲ್ಲದಿದ್ದರೂ ಎರಡು ವರ್ಷಗಳೂ ಚಾಲ್ತಿಯಲ್ಲಿವೆಯೆಂದು ಅಡಿಟಿಪ್ಪಣಿಯಲ್ಲಿ ಹೇಳಿ, ನೀವು ಯಾವುದನ್ನು ಯಾಕೆ ಅನುಸರಿಸಿದ್ದೀರೆಂದು ಒಂದು ಸಾಲು ಬರೆದರೆ ಸಾಕು.

ಶೈಲಿಯ ಹೆಸರಿನ ವಿವಾದದಲ್ಲಿ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಡಿ. ಜೇಮ್ಸ್ ಫರ್ಗ್ಯೂಸನ್ 1876ರ ತನ್ನ ಗ್ರಂಥದಲ್ಲಿ ಇವನ್ನೆಲ್ಲ ‘ಚಾಲುಕ್ಯ’ ಎಂದ, ಆಮೇಲೆ ‘ಹೊಯ್ಸಳ’ ಎಂಬುದು ರೂಢಿಯಾಯಿತು, ‘ವೇಸರ’ ಎಂಬವರಿದ್ದಾರೆ, ಹಾರ್ಡಿ ‘ಕರ್ಣಾಟ ದ್ರಾವಿಡ’ ಎನ್ನುತ್ತಾರೆ. ನೀವು ಬಳಸುವ ಹೆಸರು ಯಾವುದೆಂದು ಒಂದೇ ಕಡೆ ಹೇಳಿ ಮುಂದುವರಿಯಿರಿ.

ಸ್ಥಳದಲ್ಲಿ ನೋಡುವುದು

ಹೇಳಿಕೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಏನನ್ನು ನೋಡಬೇಕೆಂದು ಗೊತ್ತಿಲ್ಲದೆ ಹೋದವನ ಫೋನಿನಲ್ಲಿ ನೂರಾರು ಫೋಟೋಗಳಿರುತ್ತವೆ, ಬೇಕಾದ ಮೂಲೆಯದ್ದೊಂದು ಇರುವುದಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್, ಡ್ರೋನ್‌ಗಳಿಗೆ ಮುಂಚಿತವಾಗಿ ಅನುಮತಿ ಬೇಕು. ವ್ಯವಸ್ಥಿತವಾಗಿ ಅಳತೆ ತೆಗೆಯುವುದಾದರೂ ಕಾಲೇಜಿನ ಪತ್ರದೊಂದಿಗೆ ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಕಲ್ಲಿನ ಮೇಲೆ ಸೀಮೆಸುಣ್ಣ, ಅಂಟುಪಟ್ಟಿ ಯಾವುದನ್ನೂ ತಾಗಿಸಬಾರದು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆಂಬುದು ನಿಜವಾದರೂ, ಎಂಟು ಶತಮಾನಗಳ ಸೂಕ್ಷ್ಮ ಕೆತ್ತನೆಯನ್ನು ಹಾಳುಮಾಡಲು ಉಗುರೂ ಸಾಕು.

ಟಿಪ್ಪಣಿಪುಸ್ತಕದ ಪುಟವನ್ನು ಮೂರಾಗಿ ಭಾಗ ಮಾಡಿಕೊಳ್ಳಿ: ಕಂಡದ್ದು, ಅಳೆದದ್ದು, ಅನಿಸಿದ್ದು. ಈ ಮೂರನ್ನು ಸ್ಥಳದಲ್ಲೇ ಬೇರೆ ಮಾಡದಿದ್ದರೆ ತಿಂಗಳ ನಂತರ ಕರಡು ಬರೆಯುವಾಗ ಅನಿಸಿದ್ದೇ ಕಂಡದ್ದಾಗಿ ಬದಲಾಗಿರುತ್ತದೆ. ‘ಗೋಡೆಯ ತುಂಬ ಅದ್ಭುತವಾದ ಕೆತ್ತನೆಗಳಿವೆ’ ಎಂಬ ವಾಕ್ಯ ಮೂರು ಭಾಗಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ, ಯಾವ ಪ್ರಬಂಧಕ್ಕೂ ಬೇಕಾಗುವುದಿಲ್ಲ. ಅದೇ ಗೋಡೆಯ ಬಗ್ಗೆ ಹೀಗೆ ಬರೆಯಬಹುದು: ‘ಅಧಿಷ್ಠಾನದಲ್ಲಿ (ಗೋಡೆಯ ಬುಡದಲ್ಲಿ) ಆರು ಪಟ್ಟಿಕೆಗಳು (ಅಡ್ಡಲಾಗಿ ಸಾಗುವ ಕೆತ್ತನೆಯ ಸಾಲುಗಳು). ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ಕಥನ, ಮಕರ, ಹಂಸ. ಅದರ ಮೇಲೆ ದೇವತಾ ವಿಗ್ರಹಗಳು. ವಿಗ್ರಹಗಳ ಮೇಲೆ ಒಂದು ಸೂರು. ಆ ಸೂರಿಗೂ ಛಾವಣಿಯ ಸೂರಿಗೂ ನಡುವೆ ಕಿರುಗೋಪುರಗಳ ಸಾಲು.’ ಇಷ್ಟು ಬರೆದುಕೊಂಡವನಿಗೆ ಮನೆಗೆ ಬಂದು ಫೂಕೆಮಾ ಅವರನ್ನು ತೆರೆದಾಗ, ಎರಡು ಸೂರುಗಳಿರುವ ಈ ಬಗೆಯನ್ನು ಅವರು ಹೊಸ ಬಗೆಯೆಂದೂ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವದಂಥ ಒಂದೇ ಸೂರಿನ ಗುಡಿಗಳನ್ನು ಹಳೆಯ ಬಗೆಯೆಂದೂ ವಿಂಗಡಿಸಿರುವುದು ತಟ್ಟನೆ ಹೊಂದಿಕೊಳ್ಳುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಸೋಮನಾಥಪುರ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ದೇವಾಲಯ: ಪಶ್ಚಿಮಕ್ಕೆ ಕೇಶವ, ಉತ್ತರಕ್ಕೆ ಜನಾರ್ದನ, ದಕ್ಷಿಣಕ್ಕೆ ವೇಣುಗೋಪಾಲ, ಪ್ರವೇಶ ಪೂರ್ವದಿಂದ. ಕಥನ ಪಟ್ಟಿಕೆಯಲ್ಲಿ ದಕ್ಷಿಣದ ಗುಡಿಯ ಸುತ್ತ ರಾಮಾಯಣ, ಹಿಂಬದಿಯಲ್ಲಿ ಭಾಗವತದ ಕೃಷ್ಣಕಥೆ, ಉತ್ತರದ ಗುಡಿಯ ಸುತ್ತ ಮಹಾಭಾರತ. ಪೂರ್ವದಿಂದ ಮೆಟ್ಟಿಲೇರಿ ಬಲಕ್ಕೆ ಗುಡಿಯನ್ನಿಟ್ಟುಕೊಂಡು ಪ್ರದಕ್ಷಿಣೆ ಹೊರಟವನಿಗೆ ದಕ್ಷಿಣ, ಪಶ್ಚಿಮ, ಉತ್ತರ ಇದೇ ಕ್ರಮದಲ್ಲಿ ಎದುರಾಗುತ್ತವೆ. ಇಷ್ಟರ ಮಟ್ಟಿಗೆ ಪುಸ್ತಕದ ಮಾತು ನಿಲ್ಲುತ್ತದೆ. ಆದರೆ ಅದೇ ಮನುಷ್ಯ ನಿಂತು ಗೋಡೆಗೆ ಮುಖಮಾಡಿದರೆ ಅವನ ನಡಿಗೆಯ ದಿಕ್ಕು ಬಲದಿಂದ ಎಡಕ್ಕಾಗುತ್ತದೆ, ಅಂದರೆ ಕನ್ನಡದ ಸಾಲನ್ನು ಓದುವ ದಿಕ್ಕಿಗೆ ವಿರುದ್ಧ. ಹಾಗಾದರೆ ಒಂದು ಪ್ರಸಂಗದೊಳಗೆ ಘಟನೆಗಳು ಯಾವ ಕಡೆಯಿಂದ ಯಾವ ಕಡೆಗೆ ಸಾಗುತ್ತವೆ? ರಥಗಳು, ಬಿಲ್ಲಾಳುಗಳು ಯಾವ ಕಡೆ ಮುಖಮಾಡಿದ್ದಾರೆ? ನಕ್ಷತ್ರದ ಮೂಲೆಯಲ್ಲಿ ಗೋಡೆ ಮುರಿದಾಗ ಪ್ರಸಂಗವೂ ಮುರಿಯುತ್ತದೆಯೇ, ಮೂಲೆ ದಾಟಿ ಮುಂದುವರಿಯುತ್ತದೆಯೇ? ಇವನ್ನು ಒಂದೊಂದು ಮುಖಕ್ಕೂ ಒಂದೊಂದು ಸಾಲಿನಂತೆ ಕೋಷ್ಟಕದಲ್ಲಿ ತುಂಬಿಸುತ್ತ ಹೋಗಬೇಕು. ಪಟ್ಟಿಕೆಯ ಎತ್ತರವನ್ನು ಜಗತಿಯ ಮೇಲಿನಿಂದಲೂ ಕೆಳಗಿನ ಅಂಗಳದಿಂದಲೂ ಅಳೆಯಬೇಕು, ಏಕೆಂದರೆ ಕಥೆ ಯಾರ ಕಣ್ಣಿಗೆ ಹೊಂದುತ್ತದೆ ಎಂಬುದನ್ನು ಆ ಎರಡು ಸಂಖ್ಯೆಗಳು ಹೇಳುತ್ತವೆ. ಜಗತಿಯ ಅಗಲವನ್ನು ಹೊರಚಾಚಿದ ಮೂಲೆಗಳಲ್ಲೂ ಒಳಸರಿದ ಕೋನಗಳಲ್ಲೂ ಬೇರೆಬೇರೆಯಾಗಿ ತೆಗೆದುಕೊಳ್ಳಬೇಕು. ಬೆಳಗಿನ ಬೆಳಕಿನಲ್ಲಿ ಚೆನ್ನಾಗಿ ಕಾಣುವ ಮುಖ ಸಂಜೆಗೆ ನೆರಳಾಗುವುದರಿಂದ ಸಾಧ್ಯವಾದರೆ ಎರಡೂ ಹೊತ್ತು ನೋಡುವುದು ಮೇಲು.

ಇಂದು ಕಾಣುವುದೆಲ್ಲ ಕಟ್ಟಿದ ದಿನದ್ದೇ ಎಂದು ತಿಳಿಯಬಾರದು. ಇದೇ ಗುಡಿಯಲ್ಲಿ ಕೇಶವನ ಮೂಲ ವಿಗ್ರಹವಿಲ್ಲ, ಈಗಿರುವುದು ಆಮೇಲಿನದು. ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿಗೆ ಜಾಲಂಧ್ರಗಳು (ರಂಧ್ರಗಳಿರುವ ಕಲ್ಲಿನ ಜಾಲರಿಗಳು) ಸೇರಿದ್ದು ಎರಡನೆಯ ಬಲ್ಲಾಳನ ಕಾಲದಲ್ಲಿ, ಮೇಲಿನ ಗೋಪುರವನ್ನು ಇಳಿಸಿದ್ದು 1879ರಲ್ಲಿ. ಅಲ್ಲಿಗೆ ಹೋಗಿ ‘ವಿಷ್ಣುವರ್ಧನನ ಶಿಲ್ಪಿಗಳು ನವರಂಗಕ್ಕೆ (ಒಳಮಂಟಪಕ್ಕೆ) ಮಂದ ಬೆಳಕನ್ನು ಬಯಸಿದರು’ ಎಂದು ಜಾಲಂಧ್ರವನ್ನು ನೋಡಿ ಬರೆದರೆ, ಅವಲೋಕನ ಸರಿಯಾಗಿದ್ದೂ ತೀರ್ಮಾನ ತಪ್ಪುತ್ತದೆ.

ಗೈಡುಗಳು ಹೇಳುವ ಮಾತು ನಿಮ್ಮ ಅವಲೋಕನವಲ್ಲ. ಅದು ಮೌಖಿಕ ಆಕರ, ಹಾಗೆಂದೇ ದಾಖಲಾಗಬೇಕು. ದಂತಕಥೆಯ ಶಿಲ್ಪಿ ಜಕಣಾಚಾರಿಯ ಕಥೆಯನ್ನು ಹೊಯ್ಸಳ ಗುಡಿಗಳಲ್ಲಿ ಕೇಳದೆ ಹಿಂದಿರುಗುವುದು ಕಷ್ಟ. ಕಥೆಯಾಗಿ ಅದಕ್ಕೆ ಬೆಲೆಯಿದೆ. ಆದರೆ ಕಲ್ಲಿನ ಮೇಲೆ ರುಜು ಹಾಕಿದವರು ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಸೋಮನಾಥಪುರದಲ್ಲಿ ಹೆಚ್ಚಾಗಿ ರೂವಾರಿ (ಶಿಲ್ಪಿ) ಮಲ್ಲಿತಮ್ಮ.

ಕರಡು

ಮೊದಲು ಬರೆಯಬೇಕಾದದ್ದು ಪೀಠಿಕೆಯಲ್ಲ, ನಡುವಿನ ಭಾಗ. ಓದಿದ ಹೇಳಿಕೆಯೂ ಕಂಡ ಸಂಗತಿಯೂ ಎದುರುಬದುರಾಗುವ ಜಾಗಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಒಂದು ಪ್ಯಾರಾ ಬರೆಯಿರಿ. ಅಂಥ ಪ್ಯಾರಾದಲ್ಲಿ ಯಾರು ಏನು ಹೇಳಿದ್ದಾರೆ, ಇಲ್ಲಿ ಏನಿದೆ, ಅದರಿಂದ ಎಷ್ಟರ ಮಟ್ಟಿಗೆ ಏನನ್ನು ಹೇಳಬಹುದು ಎಂಬ ಮೂರೂ ಇರಬೇಕು, ಮೂರರ ಗಡಿಯೂ ಓದುಗನಿಗೆ ಕಾಣುತ್ತಿರಬೇಕು. ಮಾದರಿಗೆ ಹೀಗೆ:

‘ಹೊಯ್ಸಳ ಗುಡಿಗಳಲ್ಲಿ ಜಗತಿಯು ಪ್ರದಕ್ಷಿಣಾ ಪಥದ ಕೆಲಸವನ್ನು ಮಾಡುತ್ತದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಸೋಮನಾಥಪುರದ ಕಥನ ಪಟ್ಟಿಕೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತಗಳು ದಕ್ಷಿಣ, ಪಶ್ಚಿಮ, ಉತ್ತರಗಳಲ್ಲಿ ಈ ಕ್ರಮದಲ್ಲಿ ಬರುತ್ತವೆ. ಪೂರ್ವದಿಂದ ಪ್ರದಕ್ಷಿಣೆ ಹೊರಟವನಿಗೆ ಈ ಕ್ರಮವೇ ಎದುರಾಗುವುದರಿಂದ, ಕಥೆಗಳ ಹಂಚಿಕೆಯಾದರೂ ನಡಿಗೆಯನ್ನು ಗಮನದಲ್ಲಿರಿಸಿಕೊಂಡದ್ದೆಂದು ತೋರುತ್ತದೆ. ಪ್ರಸಂಗಗಳ ಒಳಗಿನ ಕ್ರಮಕ್ಕೂ ಇದು ಅನ್ವಯಿಸುತ್ತದೆಯೇ ಎಂಬುದನ್ನು ಮುಂದಿನ ಕೋಷ್ಟಕ ಪರಿಶೀಲಿಸುತ್ತದೆ.’

ಇಲ್ಲಿ ‘ಆದರೂ’, ‘ತೋರುತ್ತದೆ’ ಎಂಬ ಪದಗಳು ಅಂಜಿಕೆಯಿಂದ ಬಂದವಲ್ಲ, ಸಾಕ್ಷ್ಯದ ಗಡಿಯನ್ನು ಹೇಳುತ್ತಿವೆ. ಕೋಷ್ಟಕದಲ್ಲಿ ಕೆಲವು ಮುಖಗಳು ನಿಮ್ಮ ಊಹೆಗೆ ವಿರುದ್ಧವಾಗಿ ಬಂದರೆ ಅವನ್ನು ಕೈಬಿಡದೆ ಸೇರಿಸಿ, ಸಾಧ್ಯವಾದರೆ ಕಾರಣ ಹುಡುಕಿ. ಎಲ್ಲ ಮುಖಗಳೂ ಒಂದೇ ಉತ್ತರ ಕೊಟ್ಟ ಪ್ರಬಂಧವನ್ನು ಪರೀಕ್ಷಕರು ನಂಬುವುದು ಕಡಿಮೆ.

ಪದಪ್ರಯೋಗದಲ್ಲಿ ಎಚ್ಚರ ಎಲ್ಲಿ ಬೇಕೆಂಬುದಕ್ಕೆ ಮಲ್ಲಿತಮ್ಮನ ಹೆಸರೇ ಸಾಕು. 1196ರ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಈ ಹೆಸರಿದೆ, 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹದಲ್ಲಿ ಉತ್ತರದ ಭಾಗ ಮಲ್ಲಿತಮ್ಮನದೂ ದಕ್ಷಿಣದ ಭಾಗ ಬೈಚೋಜನದೂ ಎಂದು ರುಜುಗಳಿಂದ ತಿಳಿಯುತ್ತದೆ, ಕೊನೆಗೆ ಸೋಮನಾಥಪುರ. ಮೊದಲನೆಯದಕ್ಕೂ ಕೊನೆಯದಕ್ಕೂ ಅರವತ್ತು ವರ್ಷ ಮೀರಿದ ಅಂತರ. ಒಬ್ಬನೇ ಶಿಲ್ಪಿ ಅಷ್ಟು ಕಾಲ ಕೆಲಸ ಮಾಡಿದ್ದು ಅಸಾಧ್ಯವೇನಲ್ಲ, ಆದರೆ ಕಲ್ಲು ಹೇಳುತ್ತಿರುವುದು ‘ಅದೇ ಹೆಸರು’ ಎಂದಷ್ಟೇ, ‘ಅದೇ ವ್ಯಕ್ತಿ’ ಎಂಬುದು ನಮ್ಮ ಊಹೆ. ಪ್ರಬಂಧದಲ್ಲಿ ಮೊದಲನೆಯದನ್ನು ಸಂಗತಿಯಾಗಿಯೂ ಎರಡನೆಯದನ್ನು ಅಭಿಪ್ರಾಯವಾಗಿಯೂ ಬರೆಯಬೇಕು, ಆ ಅಭಿಪ್ರಾಯ ಯಾರದೆಂಬುದನ್ನೂ ಹೇಳಬೇಕು.

ನಡುವಿನ ಭಾಗ ನಿಂತ ಮೇಲೆ ಅದಕ್ಕೆ ಬೇಕಾದಷ್ಟೇ ಇತಿಹಾಸವನ್ನು ಹಿಂದಕ್ಕೆ ಸೇರಿಸಿ: ಯಾರು ಕಟ್ಟಿಸಿದರು, ಯಾವಾಗ, ಈ ಬಗೆಯ ತಲವಿನ್ಯಾಸ ಬೇರೆಲ್ಲಿದೆ. ಒಂದು ಪುಟ ಸಾಕು. ಆಮೇಲೆ ವಿಧಾನದ ಭಾಗ. ಎಂದು, ಯಾವ ಹೊತ್ತಿನಲ್ಲಿ, ಯಾವ ಉಪಕರಣದಿಂದ ನೋಡಿದಿರಿ, ಯಾವ ಮುಖಗಳು ಸವೆದು ಓದಲಾಗಲಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಪೀಠಿಕೆ, ಸಾರಲೇಖ, ಶೀರ್ಷಿಕೆ ಕಟ್ಟಕಡೆಗೆ. ಉಲ್ಲೇಖದ ಪದ್ಧತಿ ವಿಭಾಗದವರು ಹೇಳಿದಂತೆ ಇರಲಿ. ಯಾವುದಾದರೂ ಸರಿ, ಉದ್ದಕ್ಕೂ ಒಂದೇ ಇರಬೇಕು. ಬೇರೆಯವರ ವಾಕ್ಯವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿಕೊಂಡರೂ ಅದು ಅವರದೇ ವಾಕ್ಯ, ಉಲ್ಲೇಖವಿಲ್ಲದೆ ಬಳಸಿದರೆ ಕೃತಿಚೌರ್ಯವೇ.

ಚಿತ್ರಗಳ ಅಡಿಬರಹವನ್ನು ಕರಡಿನ ಭಾಗವೆಂದೇ ತಿಳಿಯಬೇಕು. ‘ಚಿತ್ರ 4: ಸೋಮನಾಥಪುರದ ಶಿಲ್ಪಕಲೆ’ ಎಂದರೆ ಏನೂ ಹೇಳಿದಂತಾಗುವುದಿಲ್ಲ, ‘ಚಿತ್ರ 4: ದಕ್ಷಿಣದ ಗುಡಿ, ನೈಋತ್ಯ ಮೂಲೆ, ಕಥನ ಪಟ್ಟಿಕೆ, ಮೂಲೆಯಲ್ಲಿ ಪ್ರಸಂಗ ಮುರಿಯುವುದನ್ನು ಬಾಣ ತೋರಿಸುತ್ತದೆ, ಲೇಖಕರ ಚಿತ್ರ’ ಎಂಬಂತೆ ಜಾಗ, ದಿಕ್ಕು, ನೋಡಬೇಕಾದ ಅಂಶ, ತೆಗೆದವರು ಯಾರು ಎಂಬಿಷ್ಟೂ ಬರಬೇಕು. ತಲವಿನ್ಯಾಸವನ್ನು ಹಳೆಯ ವರದಿಯಿಂದ ತೆಗೆದುಕೊಂಡು ನಿಮ್ಮ ಅಳತೆಗಳನ್ನು ಅದರ ಮೇಲೆ ಗುರುತಿಸಿದ್ದರೆ ಯಾವ ಗೆರೆ ವರದಿಯದು, ಯಾವುದು ನಿಮ್ಮದು ಎಂಬುದನ್ನು ಬೇರೆ ಬಣ್ಣದಲ್ಲಿ ತೋರಿಸಿ, ಉತ್ತರ ದಿಕ್ಕಿನ ಬಾಣವನ್ನೂ ಮಾನಪಟ್ಟಿಯನ್ನೂ ಹಾಕಿ, ಎರಡರ ಅಳತೆ ಹೊಂದದ ಕಡೆ ಆ ವ್ಯತ್ಯಾಸವನ್ನು ನಕ್ಷೆಯ ಮೇಲೆಯೇ ಬರೆಯಿರಿ.